ಕೀಲಿಮಣೆಯ ಉದ್ದ ಗುಂಡಿ: ಕೊಳ್ಳುವ ಮುನ್ನ ನೋಡತಕ್ಕ ಅಂಶಗಳು



ಕೂರಿಗೆಯಲ್ಲಿ ರಾಗಿ ಬಿತ್ತುವಾಗ ತಾವು ಸಾಲಿನಿಂದ ಸಾಲಿಗೆ ಹೆಚ್ಚುಕಡಿಮೆ ಒಂದಡಿ ಜಾಗ ಬಿಡುವಿರಿ. ಆ ಜಾಗದಲ್ಲಿ ಒಂದು ಕಾಳೂ ಬೀಳುವುದಿಲ್ಲ. ಆದರೂ ಅದು ದಂಡವಾದ ಜಾಗವೆಂದು ಯಾವ ರೈತನೂ ಹೇಳುವುದಿಲ್ಲ. ಎಡೆಕುಂಟೆ ಹಾಯುವುದು ಅಲ್ಲಿ. ಪೈರಿಗೆ ಗಾಳಿ ಬೆಳಕು ಬರುವುದು ಅಲ್ಲಿಂದ. ಬರವಣಿಗೆಯಲ್ಲಿಯೂ ಹಾಗೆಯೇ. ಪದಕ್ಕೂ ಪದಕ್ಕೂ ನಡುವೆ ಬಿಡುವ ಜಾಗವಿಲ್ಲದಿದ್ದರೆ ಬರೆದದ್ದು ಓದಲು ಬಾರದು. ಕಂಪ್ಯೂಟರಿನಲ್ಲಿ ಈ ಜಾಗ ಬಿಡುವ ಕೆಲಸವನ್ನು ಮಾಡುವುದು ಕೀಲಿಮಣೆಯ ಕೆಳಸಾಲಿನಲ್ಲಿರುವ ಉದ್ದನೆಯ ಗುಂಡಿ. ಇದನ್ನು ಸ್ಪೇಸ್ ಬಾರ್ ಎನ್ನುತ್ತಾರೆ. ಅದನ್ನು ನೋಡಿ ಆರಿಸುವುದು ಹೇಗೆ ಎಂಬುದೇ ಈ ತಿಂಗಳ ವಿಷಯ.

“ಏನಪ್ಪಾ, ಗೊಬ್ಬರ ಬೀಜದ ಮಾತು ಬಿಟ್ಟು ಇದೇನು ಹೊಸದು?” ಎಂದು ಹಿರಿಯರು ಕೇಳಬಹುದು. ಯಜಮಾನರೇ, ಕಾರಣ ಹೇಳುತ್ತೇನೆ, ಕೇಳಿ.

ಈ ಮಾತು ಈಗೇಕೆ?

ಹಿಂದೊಮ್ಮೆ ಮುಂಗಾರಿಗೆ ಮೊದಲು ನಾನು ಒಂದು ಕಚೇರಿಯಲ್ಲಿ ಕುಳಿತು ಬಿತ್ತನೆ ಬೀಜ ಬೇಕೆಂದವರ ಪಟ್ಟಿಯನ್ನು ಬೆರಳಚ್ಚು ಮಾಡಿದೆ. ಅರವತ್ತಕ್ಕೂ ಹೆಚ್ಚು ಹೆಸರುಗಳಿದ್ದವು. ಅಲ್ಲಿದ್ದ ಹಳೆಯ ಕೀಲಿಮಣೆಯ ಉದ್ದ ಗುಂಡಿ ಎಡತುದಿಯಲ್ಲಿ ಒತ್ತಿದರೆ ಒಮ್ಮೆ ಹಿಡಿಯುತ್ತಿತ್ತು, ಒಮ್ಮೆ ಹಿಡಿಯುತ್ತಿರಲಿಲ್ಲ. ಕತ್ತಲಾಗುತ್ತಿತ್ತು, ಪರದೆಯನ್ನು ನೋಡದೆ ಕಾಗದವನ್ನು ನೋಡಿಕೊಂಡು ಒತ್ತಿಕೊಂಡು ಹೋದೆ. ಬೀಜ ಕೊಡುವ ದಿನ ಒಬ್ಬ ತಾಯಿ ಎರಡು ಊರು ದಾಟಿ ಬಂದರು. ಗುಮಾಸ್ತರು ಹೆಸರನ್ನು ಕಂಪ್ಯೂಟರಿನಲ್ಲಿ ಹುಡುಕಿದರು. “ಇಲ್ಲ” ಎಂದು ಉತ್ತರ ಬಂತು. ಆಕೆ ಮರಳಿ ಹೋದರು. ಎರಡನೆಯ ಸಲ ಬಂದಾಗಲೂ ಅದೇ ಉತ್ತರ. ಮೂರನೆಯ ಸಲ ನಾನು ಅಲ್ಲಿದ್ದೆ. ಪಟ್ಟಿಯ ಮೇಲಿನಿಂದ ಕೆಳಕ್ಕೆ ಬೆರಳಿಟ್ಟು ಓದಿದಾಗ ಹೆಸರು ಸಿಕ್ಕಿತು. ಆಕೆಯ ಹೆಸರು, ‘ಕೋಂ’ ಎಂಬ ಪದ, ಯಜಮಾನರ ಹೆಸರು, ಮೂರೂ ಒಂದಕ್ಕೊಂದು ಅಂಟಿಕೊಂಡು ಒಂದೇ ಪದವಾಗಿದ್ದವು. ಬೀಜ ಸಿಕ್ಕಿತು. ಆದರೆ ಅಷ್ಟರಲ್ಲಿ ಮೊದಲ ಮಳೆಯ ಹದ ಆರಿಹೋಗಿತ್ತು.

ತಪ್ಪಿನಲ್ಲಿ ಅರ್ಧ ಗುಂಡಿಯದು, ನೋಡದೆ ಒತ್ತಿದ ಅರ್ಧ ನನ್ನದು. ಆ ತಾಯಿಯ ಕ್ಷಮೆ ಕೇಳಿದೆ. ನನ್ನ ಪಾಲಿನ ಅರ್ಧವನ್ನು ನಾನು ತಿದ್ದಿಕೊಂಡಿದ್ದೇನೆ. ಗುಂಡಿಯ ಪಾಲಿನ ಅರ್ಧವನ್ನು ಎಲ್ಲರೂ ಸೇರಿ ತಿದ್ದಬೇಕಾಗಿದೆ. ಏಕೆಂದರೆ ಇಂದು ನಮ್ಮ ಹೆಸರುಗಳೆಲ್ಲ ಕೀಲಿಮಣೆಯ ಮೂಲಕವೇ ದಾಖಲಾಗುತ್ತಿವೆ. ‘ಭೂಮಿ’ ಯೋಜನೆಯಲ್ಲಿ 2002ರ ವೇಳೆಗೆ ರಾಜ್ಯದ ಸುಮಾರು 67 ಲಕ್ಷ ಹಿಡುವಳಿದಾರರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಸೇರಿದವು. ಹಾಲಿನ ಸಂಘದ ಲೆಕ್ಕ, ಸ್ತ್ರೀಶಕ್ತಿ ಗುಂಪಿನ ಪುಸ್ತಕ, ಪಂಚಾಯಿತಿಯ ಅರ್ಜಿ ಎಲ್ಲವೂ ಅದೇ ದಾರಿ ಹಿಡಿದಿವೆ. ಸಂಘದ ಆಡಳಿತ ಮಂಡಳಿಯಲ್ಲಿರುವ ತಾವೇ ಕೀಲಿಮಣೆ ಕೊಳ್ಳಲು ಮಂಜೂರಾತಿ ಕೊಡುವವರು. ಬೆರಳಚ್ಚು ಪರೀಕ್ಷೆಗೆ ಓದುವ ಮಗಳಿಗೋ ಮಗನಿಗೋ ಹಣ ಕೊಡುವವರೂ ತಾವೇ. ಎತ್ತು ಕೊಳ್ಳುವಾಗ ಹಲ್ಲು ನೋಡುವಂತೆ ಇದನ್ನೂ ನೋಡಿ ಕೊಳ್ಳಬೇಕು.

ಖಾಲಿ ಜಾಗವೂ ಒಂದು ಅಕ್ಷರ

ಹಳೆಯ ಬೆರಳಚ್ಚು ಯಂತ್ರವನ್ನು ಕೆಲವರು ತಾಲ್ಲೂಕು ಕಚೇರಿಯಲ್ಲಿ ಕಂಡಿರಬಹುದು. 1955ರಲ್ಲಿ ಗೋದ್ರೆಜ್ ಕಂಪನಿಯವರು ಅಂಥ ಯಂತ್ರವನ್ನು ಮೊಟ್ಟಮೊದಲು ನಮ್ಮ ದೇಶದಲ್ಲಿಯೇ ತಯಾರಿಸಿದರು. ಅದರಲ್ಲಿಯೂ ಉದ್ದ ಗುಂಡಿ ಇತ್ತು. ಅದನ್ನು ಒತ್ತಿದರೆ ಕಾಗದ ಹೊತ್ತ ಉರುಳೆ ಒಂದು ಹಲ್ಲಿನಷ್ಟು ಸರಿಯುತ್ತಿತ್ತು, ಅಷ್ಟೆ. ಕಾಗದದ ಮೇಲೆ ಏನೂ ಬೀಳುತ್ತಿರಲಿಲ್ಲ.

ಕಂಪ್ಯೂಟರಿನಲ್ಲಿ ಹಾಗಲ್ಲ. ಅಲ್ಲಿ ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆ ಉಂಟು. ಯೂನಿಕೋಡ್ ಎಂಬ ಪದ್ಧತಿಯಲ್ಲಿ ‘ಕ’ ಅಕ್ಷರಕ್ಕೆ 3221, ಖಾಲಿ ಜಾಗಕ್ಕೆ 32. ಎಂದರೆ ಜಾಗವೂ ಒಂದು ಅಕ್ಷರವೇ. ಕಣ್ಣಿಗೆ ಕಾಣದು, ಲೆಕ್ಕದಲ್ಲಿರುತ್ತದೆ. ಆದುದರಿಂದ ‘ಹೊಸಹಳ್ಳಿ’ ಮತ್ತು ‘ಹೊಸ ಹಳ್ಳಿ’ ನಮಗೆ ಒಂದೇ ಊರಾದರೂ ಕಂಪ್ಯೂಟರಿಗೆ ಎರಡು. ‘ರಾಮಯ್ಯ ಬಿನ್ ತಿಮ್ಮಯ್ಯ’ ಎಂಬಲ್ಲಿ ಒಂದು ಜಾಗದ ಬದಲು ಎರಡು ಬಿದ್ದರೆ ಕಣ್ಣಿಗೆ ವ್ಯತ್ಯಾಸ ತಿಳಿಯುವುದೇ ಕಷ್ಟ; ಯಂತ್ರ ಮಾತ್ರ ಬೇರೆ ಮನುಷ್ಯನೆಂದು ತಿಳಿದೀತು. ಬಿಟ್ಟುಹೋದ ಜಾಗಕ್ಕಿಂತ ಎರಡು ಸಲ ಬಿದ್ದ ಜಾಗವೇ ಹೆಚ್ಚು ಮೋಸ.

ಎಷ್ಟು ಸಲ ಒತ್ತುತ್ತೇವೆ?

ಒಂದು ಸಣ್ಣ ಲೆಕ್ಕ ಮಾಡೋಣ. ಕೆ. ಪಿ. ರಾವ್ ಅವರು ಕನ್ನಡವನ್ನು ಇಂಗ್ಲಿಷಿನ 26 ಗುಂಡಿಗಳಲ್ಲಿಯೇ ಒತ್ತಲು ಬರುವಂತೆ ವಿನ್ಯಾಸ ಮಾಡಿದರು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದಲ್ಲಿ ಬಳಕೆಯಲ್ಲಿರುವುದು ಆ ವಿನ್ಯಾಸವೇ. ಆದುದರಿಂದ ಕನ್ನಡಕ್ಕೆಂದು ಬೇರೆ ಕೀಲಿಮಣೆ ಕೊಳ್ಳಬೇಕಾಗಿಲ್ಲವೆಂಬುದನ್ನು ಮೊದಲು ತಿಳಿಯಿರಿ. ಈ ವಿನ್ಯಾಸದಲ್ಲಿ ‘ನಮ್ಮ ಊರಿನ ಹಾಲಿನ ಸಂಘ’ ಎಂದು ಬರೆಯಲು ಶಿಫ್ಟ್ ಗುಂಡಿಯನ್ನು ಬಿಟ್ಟು ಅಕ್ಷರಕ್ಕೆ 16 ಒತ್ತು, ಜಾಗಕ್ಕೆ 3 ಒತ್ತು ಬೇಕು. ಸುಮಾರು ಆರು ಒತ್ತಿಗೆ ಒಂದು ಉದ್ದ ಗುಂಡಿಯ ಪಾಲು.

ನಿಮಿಷಕ್ಕೆ 100 ಒತ್ತಿನಂತೆ ಬೆರಳಚ್ಚು ಮಾಡಿದರೆ ಗಂಟೆಗೆ 6,000; ಅದರಲ್ಲಿ ಉದ್ದ ಗುಂಡಿಗೆ ಸುಮಾರು 1,000. ದಿನಕ್ಕೆ ನಾಲ್ಕು ಗಂಟೆ, ವರ್ಷಕ್ಕೆ 250 ದಿನವೆಂದರೆ ಹತ್ತು ಲಕ್ಷ ಸಲ. ಉಳಿದ ಗುಂಡಿಗಳು ಸರದಿಯ ಮೇಲೆ ದುಡಿಯುವಾಗ ಇದೊಂದೇ ಬಿಡುವಿಲ್ಲದೆ ದುಡಿಯುತ್ತದೆ. ಮೊದಲು ಕುಂಟುವುದೂ ಇದೇ.

ಎರಡು ಬಗೆಯ ಕೀಲಿಮಣೆಗಳು

ಸಾದಾ ಕೀಲಿಮಣೆಯಲ್ಲಿ ಗುಂಡಿಗಳ ಕೆಳಗೆ ರಬ್ಬರಿನ ಸಣ್ಣ ಗುಮ್ಮಟಗಳಿರುತ್ತವೆ. ಒತ್ತಿದಾಗ ಗುಮ್ಮಟ ಕುಸಿದು, ಕೆಳಗಿನ ಪ್ಲಾಸ್ಟಿಕ್ ಹಾಳೆಗಳನ್ನು ಕೂಡಿಸುತ್ತದೆ. ಬೆಲೆ ಕಡಿಮೆ. ಆದರೆ ಗುಂಡಿಯನ್ನು ತಳದ ತನಕ ಒತ್ತಬೇಕು. ಬರುಬರುತ್ತಾ ರಬ್ಬರು ಸತ್ತು ಒತ್ತು ಮಂಕಾಗುತ್ತದೆ.

ಮೆಕ್ಯಾನಿಕಲ್ ಕೀಲಿಮಣೆಯಲ್ಲಿ ಪ್ರತಿ ಗುಂಡಿಗೂ ಬೇರೆ ಬೇರೆ ಸ್ವಿಚ್ಚು ಉಂಟು. ಅದರೊಳಗೆ ಒಂದು ಸ್ಪ್ರಿಂಗು, ಒಂದು ಜೋಡಿ ಲೋಹದ ಎಲೆ. ಗುಂಡಿ ಒಟ್ಟು ಸುಮಾರು 4 ಮಿಲಿಮೀಟರ್ ಇಳಿಯುತ್ತದೆ. ಅರ್ಧ ದಾರಿಯಲ್ಲಿ, ಅಂದರೆ 2 ಮಿಲಿಮೀಟರಿನಲ್ಲಿಯೇ ಅಕ್ಷರ ಬೀಳುತ್ತದೆ. ಜರ್ಮನಿಯ ಚೆರ್ರಿ ಕಂಪನಿಯು 1980ರ ದಶಕದಲ್ಲಿ ತಂದ ಮಾದರಿಯನ್ನೇ ಇಂದು ಅನೇಕ ಕಂಪನಿಗಳು ಅನುಸರಿಸುತ್ತಿವೆ. ನಮ್ಮ ದೇಶದ ಬ್ಯಾಂಕು ಅಂಗಡಿಗಳಲ್ಲಿ ಟಪಟಪ ಸದ್ದು ಮಾಡುತ್ತಿದ್ದ ಟಿವಿಎಸ್ ಗೋಲ್ಡ್ ಕೀಲಿಮಣೆಯೂ ಈ ಜಾತಿಯದೇ.

ಸ್ವಿಚ್ಚಿನ ಆಯುಷ್ಯ ಐದು ಕೋಟಿ ಒತ್ತು ಎಂದು ತಯಾರಕರು ಡಬ್ಬದ ಮೇಲೆ ಬರೆಯುವುದುಂಟು. ಮೇಲಿನ ಲೆಕ್ಕದಂತೆ ಅದು 50 ವರ್ಷ! ಇದನ್ನು ನಂಬಿ ಮೋಸ ಹೋಗಬೇಡಿ. ಅವರು ಪರೀಕ್ಷೆ ಮಾಡಿದ ಕೋಣೆಯಲ್ಲಿ ರಾಗಿ ಕಣದ ಧೂಳಿರಲಿಲ್ಲ. ಅಲ್ಲದೆ, ಉದ್ದ ಗುಂಡಿ ಕೆಡುವುದು ಬಹುಮಟ್ಟಿಗೆ ಸ್ವಿಚ್ಚಿನಿಂದಲ್ಲ. ಅದರ ಅಕ್ಕಪಕ್ಕದ ತಂತಿಯಿಂದ. ಈಗ ಆ ಮಾತಿಗೆ ಬರೋಣ.

ನೊಗದ ನ್ಯಾಯ

ಉದ್ದ ಗುಂಡಿಯ ಉದ್ದ ಸುಮಾರು 12 ಸೆಂಟಿಮೀಟರ್. ಅದರ ಕೆಳಗಿರುವ ಸ್ವಿಚ್ಚು ಒಂದೇ, ಅದೂ ನಡುವೆ. ತುದಿಯಲ್ಲಿ ಒತ್ತಿದರೆ ಏನಾದೀತು? ಒಂದು ಎತ್ತು ಮುಂದಾಗಿ ಇನ್ನೊಂದು ಹಿಂದಾದಾಗ ನೊಗ ವಾರೆಯಾಗುವಂತೆ ಗುಂಡಿ ವಾರೆಯಾಗಿ ಸಿಕ್ಕಿಕೊಳ್ಳುತ್ತದೆ. ಹೀಗಾಗಬಾರದೆಂದು ಗುಂಡಿಯ ಕೆಳಗೆ ಈ ತುದಿಯಿಂದ ಆ ತುದಿಗೆ ಒಂದು ಉಕ್ಕಿನ ತಂತಿಯನ್ನು ಕೂಡಿಸಿರುತ್ತಾರೆ. ಎಡಗಡೆ ಒತ್ತಿದರೆ ತಂತಿ ತಿರುಗಿ ಬಲಗಡೆಯನ್ನೂ ಅಷ್ಟೇ ಕೆಳಗೆ ಎಳೆಯುತ್ತದೆ. ಗುಂಡಿ ಮಟ್ಟವಾಗಿ ಇಳಿದು ಮಟ್ಟವಾಗಿ ಏಳುತ್ತದೆ. ಇದಕ್ಕೂ ಸ್ಟೆಬಿಲೈಸರ್ ಎಂದೇ ಹೆಸರು. ಫ್ರಿಜ್ಜಿಗೆ ಇಡುವ ಸ್ಟೆಬಿಲೈಸರ್ ಬೇರೆ, ಇದು ಬೇರೆ.

ತಂತಿ ನೆಟ್ಟಗಿದ್ದು, ಅದು ಕೂರುವ ಪ್ಲಾಸ್ಟಿಕ್ ಗೂಡು ಬಿಗಿಯಾಗಿದ್ದು, ಎರಡರ ನಡುವೆ ಒಂದಿಷ್ಟು ಜಿಡ್ಡಿದ್ದರೆ ಗುಂಡಿ ನುಣ್ಣಗೆ ನಡೆಯುತ್ತದೆ. ತಂತಿ ಸ್ವಲ್ಪ ತಿರುಚಿದ್ದರೂ ಗಲಗಲ ಸದ್ದು. ಜಿಡ್ಡಿಲ್ಲದಿದ್ದರೆ ಕೀಲೆಣ್ಣೆ ಕಾಣದ ಗಾಡಿಯಂತೆ ಕಿರುಗುಟ್ಟುತ್ತದೆ. ಗೂಡುಗಳಲ್ಲಿ ಎರಡು ಬಗೆ: ಲೋಹದ ಹಲಗೆಗೆ ಸುಮ್ಮನೆ ಸಿಕ್ಕಿಸಿದ್ದು ಒಂದು, ಒಳಗಿನ ಸರ್ಕಿಟ್ ಹಲಗೆಗೆ ತಿರುಪು ಹಾಕಿ ಬಿಗಿದದ್ದು ಇನ್ನೊಂದು. ಬಿಗಿದದ್ದು ಹೆಚ್ಚು ಅಲುಗುವುದಿಲ್ಲ. ಸಿಕ್ಕಬಹುದಾದರೆ ಅದನ್ನೇ ಆರಿಸಿ.

ಅಂಗಡಿಯಲ್ಲಿ ಮಾಡತಕ್ಕ ಆರು ಪರೀಕ್ಷೆಗಳು

1. ಮೂರು ಕಡೆ ಒತ್ತಿ ನೋಡಿ. ಎಡತುದಿ, ನಡು, ಬಲತುದಿ. ಹೆಬ್ಬೆರಳಿನಿಂದ ಹಗುರವಾಗಿ ಒತ್ತಬೇಕು. ಮೂರು ಕಡೆಯೂ ಒಂದೇ ಬಲಕ್ಕೆ ಇಳಿಯಬೇಕು. ತುದಿಯಲ್ಲಿ ಬಿಗಿ, ನಡುವೆ ಸಡಿಲ ಎಂದಾದರೆ ಬೇಡ.

2. ನಿಧಾನವಾಗಿ ಬಿಡಿ. ತುದಿಯನ್ನು ತಳದ ತನಕ ಒತ್ತಿ, ಬೆರಳನ್ನು ಮೆಲ್ಲಗೆ ಮೇಲೆತ್ತಿ. ಗುಂಡಿ ಬೆರಳನ್ನು ಹಿಂಬಾಲಿಸಿ ಬರಬೇಕು. ಮಧ್ಯದಲ್ಲಿ ನಿಂತು ಆಮೇಲೆ ಹಾರಿದರೆ ಅದು ಸಿಕ್ಕಿಕೊಳ್ಳುವ ಜಾತಿ.

3. ಕಿವಿಗೊಟ್ಟು ಕೇಳಿ. ಅಂಗಡಿಯ ಗದ್ದಲದಲ್ಲಿ ಸದ್ದು ತಿಳಿಯದು. ಕೀಲಿಮಣೆಯನ್ನು ಕಿವಿಯ ಹತ್ತಿರ ಹಿಡಿದು ಬೇಗ ಬೇಗ ಒತ್ತಿ. ಒಂದು ಗಟ್ಟಿ ಸದ್ದು ಬರಬೇಕು. ಅದರ ಹಿಂದೆ ಗೆಜ್ಜೆಯಂತೆ ಗಲಗಲ ಬಂದರೆ ತಂತಿ ಸಡಿಲ.

4. ಒಂದು ಕಣ್ಣು ಮುಚ್ಚಿ ನೋಡಿ. ಬಡಗಿಯು ಮರದ ನೇರ ನೋಡುವಂತೆ ಗುಂಡಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿ. ಬಾಳೆಕಾಯಿಯಂತೆ ಬಾಗಿರಬಾರದು. ಪಿಬಿಟಿ ಎಂಬ ಪ್ಲಾಸ್ಟಿಕ್ ಬೆರಳಿನ ಉಜ್ಜಿಗೆ ಬೇಗ ಸವೆದು ಹೊಳಪಾಗುವುದಿಲ್ಲ, ಒಳ್ಳೆಯದೇ. ಆದರೆ ಅಚ್ಚಿನಿಂದ ಬಂದು ಆರುವಾಗ ಹೆಚ್ಚು ಕುಗ್ಗುವುದರಿಂದ ಉದ್ದ ಗುಂಡಿ ಬಾಗುವುದುಂಟು. ಎಬಿಎಸ್ ಎಂಬುದು ಬೇಗ ಹೊಳಪಾಗುತ್ತದೆ, ಆದರೆ ನೇರ ಉಳಿಯುವುದು ಹೆಚ್ಚು. ಹೆಸರಿಗಿಂತ ಕಣ್ಣೇ ಸಾಕ್ಷಿ.

5. ಅಳತೆ ಮಾಡಿ. ದರ್ಜಿಯ ಟೇಪು ಒಯ್ಯಿರಿ. ಬಹು ಬಳಕೆಯ ಅಳತೆ 119 ಮಿಲಿಮೀಟರ್. ಇದನ್ನು ಅಂಗಡಿಯವರು 6.25 ಯೂನಿಟ್ ಎನ್ನುತ್ತಾರೆ. ಈ ಅಳತೆಯದಾದರೆ ಮುಂದೆ ಗುಂಡಿ ಮುರಿದರೆ ಬೇರೆ ಸಿಕ್ಕೀತು. ವಿಚಿತ್ರ ಅಳತೆಯದಾದರೆ ಒಂದು ಗುಂಡಿಗಾಗಿ ಇಡೀ ಕೀಲಿಮಣೆ ಮೂಲೆ ಸೇರೀತು. ಮುಂಭಾಗದ ಅಂಚು ದುಂಡಗಿದೆಯೇ ಎಂಬುದನ್ನೂ ನೋಡಿ; ಚೂಪಾದ ಅಂಚು ಹೆಬ್ಬೆರಳನ್ನು ನೋಯಿಸುತ್ತದೆ.

6. ಬರೆದು ನೋಡಿ. ಅಂಗಡಿಯ ಕಂಪ್ಯೂಟರಿಗೆ ಸಿಕ್ಕಿಸಿ, ಒಂದು ಅಕ್ಷರ ಒಂದು ಜಾಗ, ಒಂದು ಅಕ್ಷರ ಒಂದು ಜಾಗ ಎಂದು ನೂರು ಸಲ ಒತ್ತಿ. ಐವತ್ತು ಎಡತುದಿಯಲ್ಲಿ, ಐವತ್ತು ಬಲತುದಿಯಲ್ಲಿ. ಆಮೇಲೆ ಹುಡುಕುವ ಚೌಕದಲ್ಲಿ ಎರಡು ಜಾಗ ಒತ್ತಿ ಹುಡುಕಿಸಿ. ಒಂದೂ ಸಿಗಬಾರದು. ಸಿಕ್ಕರೆ ಸ್ವಿಚ್ಚಿನ ಲೋಹದ ಎಲೆಗಳು ಕೂಡುವಾಗ ಪುಟಿಯುತ್ತಿವೆ, ಒಂದು ಒತ್ತನ್ನು ಎರಡೆಂದು ಹೇಳುತ್ತಿವೆ ಎಂದು ತಿಳಿಯಿರಿ. ಗುಂಡಿಯನ್ನು ಒತ್ತಿಯೇ ಹಿಡಿದರೆ ಜಾಗ ಸಾಲುಸಾಲಾಗಿ ಬೀಳುವುದು ಸಹಜ, ಅದು ದೋಷವಲ್ಲ.

ಈ ಆರೂ ಪರೀಕ್ಷೆಗೆ ಹದಿನೈದು ನಿಮಿಷ ಸಾಕು. ದೊಡ್ಡಬಳ್ಳಾಪುರದಲ್ಲಿ ಕೊಂಡರೂ ಸರಿ, ಬೆಂಗಳೂರಿನ ಎಸ್. ಪಿ. ರಸ್ತೆಗೆ ಹೋಗಿ ಕೊಂಡರೂ ಸರಿ, ಒತ್ತಿ ನೋಡಲು ಬಿಡದ ಅಂಗಡಿಯಲ್ಲಿ ಕೊಳ್ಳಬೇಡಿ. ಫೋನಿನಲ್ಲಿ ತರಿಸುವುದಾದರೆ ಎಷ್ಟು ದಿನದೊಳಗೆ ಹಿಂದಿರುಗಿಸಬಹುದೆಂದು ಮೊದಲೇ ಓದಿ, ಬಂದ ದಿನವೇ ಪರೀಕ್ಷೆ ಮಾಡಿ. ಬಿಲ್ಲಿಲ್ಲದೆ ತಂದರೆ ಗ್ಯಾರಂಟಿಯ ಮಾತೇ ಇಲ್ಲ.

ಯಾವ ಸ್ವಿಚ್ಚು ಯಾರಿಗೆ?

ಸ್ವಿಚ್ಚುಗಳನ್ನು ಬಣ್ಣದಿಂದ ಗುರುತಿಸುವುದು ವಾಡಿಕೆ. ನೀಲಿಯದು ಒತ್ತಿದಾಗ ಟಕ್ ಎನ್ನುತ್ತದೆ. ಕಂದು ಬಣ್ಣದ್ದು ಸದ್ದಿಲ್ಲದೆ ಬೆರಳಿಗೆ ಒಂದು ಸಣ್ಣ ಉಬ್ಬು ತಿಳಿಸುತ್ತದೆ. ಕೆಂಪಿನದು ಉಬ್ಬಿಲ್ಲದೆ ನೇರ ಇಳಿಯುತ್ತದೆ. ಒತ್ತಲು ಬೇಕಾದ ಬಲ ಸಾಮಾನ್ಯವಾಗಿ 45ರಿಂದ 60 ಗ್ರಾಮಿನಷ್ಟು. ಹಾಲಿನ ಸಂಘದ ಗದ್ದಲದಲ್ಲಿ ನೀಲಿಯದು ನಡೆದೀತು. ಗ್ರಂಥಾಲಯದಲ್ಲಿ, ಮಕ್ಕಳು ಮಲಗಿರುವ ಮನೆಯಲ್ಲಿ ಅದು ಬೇಡ. ಕಂದು ಅಥವಾ ಕೆಂಪು ಸಾಕು. ಕೆಲವು ಕೀಲಿಮಣೆಗಳಲ್ಲಿ ಸ್ವಿಚ್ಚನ್ನು ಬೆಸುಗೆಯಿಲ್ಲದೆ ಕಿತ್ತು ಬದಲಾಯಿಸಬಹುದು. ಹಳ್ಳಿಗೆ ಇದು ಅನುಕೂಲ: ಉದ್ದ ಗುಂಡಿಯ ಸ್ವಿಚ್ಚು ಸೋತರೆ, ಅಪರೂಪಕ್ಕೆ ಬಳಸುವ ಗುಂಡಿಯ ಸ್ವಿಚ್ಚನ್ನು ಕಿತ್ತು ಅಲ್ಲಿಗೆ ಹಾಕಿ ಅಂದಿನ ಕೆಲಸ ಸಾಗಿಸಬಹುದು.

ಬೆರಳಚ್ಚು ಪರೀಕ್ಷೆಗೆ ಕೂರುವ ಮಕ್ಕಳ ತಂದೆತಾಯಿಯರಿಗೆ ಒಂದು ಮಾತು. ಪರೀಕ್ಷೆಯ ಕೊಠಡಿಯಲ್ಲಿ ಸಾದಾ ಕೀಲಿಮಣೆಯೇ ಇರಬಹುದು. ಮನೆಯಲ್ಲಿ ಮೆಕ್ಯಾನಿಕಲ್ ಇದ್ದರೂ ಪರೀಕ್ಷೆಗೆ ಕೆಲವು ವಾರ ಮೊದಲು ಸಾದಾ ಕೀಲಿಮಣೆಯಲ್ಲಿ ಅಭ್ಯಾಸ ಮಾಡಿಸಿ. ಇಲ್ಲವಾದರೆ ಹಗುರ ಒತ್ತಿಗೆ ಒಗ್ಗಿದ ಹೆಬ್ಬೆರಳು ಅಲ್ಲಿ ಜಾಗ ತಪ್ಪಿಸೀತು.

ಹೊಸದು ಕೊಳ್ಳುವ ಮೊದಲು ಹಳೆಯದನ್ನು ನೋಡಿ

ಕುಂಟುವ ಎತ್ತನ್ನು ಸಂತೆಗೆ ಹೊಡೆಯುವ ಮೊದಲು ಗೊರಸಿನಲ್ಲಿ ಮುಳ್ಳಿದೆಯೇ ಎಂದು ನೋಡುವುದಿಲ್ಲವೇ? ಹಾಗೆಯೇ ಹಳೆಯ ಕೀಲಿಮಣೆಯ ತಂತಿಯನ್ನು ಕಂಪ್ಯೂಟರಿನಿಂದ ಬಿಚ್ಚಿ, ಬೋರಲು ಹಿಡಿದು ತಟ್ಟಿ, ಒಣ ಬ್ರಷ್ಷಿನಿಂದ ಗುಂಡಿಗಳ ಸಂದನ್ನು ಗುಡಿಸಿ. ಎಷ್ಟೋ ಸಲ ದೋಷ ಇಷ್ಟರಲ್ಲೇ ಹೋಗುತ್ತದೆ. ಹೋಗದಿದ್ದರೆ ಉದ್ದ ಗುಂಡಿಯನ್ನು ಎರಡು ತುದಿಯಲ್ಲೂ ಸಮನಾಗಿ ಹಿಡಿದು ಮೇಲೆತ್ತಿ. ತಂತಿಯ ಕೊಕ್ಕೆ ಇದ್ದರೆ ಬಿಡಿಸಿ, ಜಗ್ಗಬೇಡಿ. ತಂತಿಯನ್ನು ಗಾಜಿನ ಮೇಲೆ ಮಲಗಿಸಿ ನೋಡಿ. ಒಂದು ಕಾಲು ಎದ್ದು ನಿಂತರೆ ಮೆಲ್ಲಗೆ ಬಗ್ಗಿಸಿ ಸರಿಮಾಡಿ. ತಂತಿಯ ತುದಿಗಳಿಗೆ ಸಿಲಿಕೋನ್ ಗ್ರೀಸನ್ನು ಸಾಸಿವೆ ಕಾಳಿನಷ್ಟು ಮಾತ್ರ ಹಚ್ಚಿ. ಕೊಬ್ಬರಿ ಎಣ್ಣೆ, ಸೈಕಲ್ ಎಣ್ಣೆ, ಡೀಸೆಲ್ ಕೂಡದು. ಧೂಳು ಹಿಡಿದು ಅಂಟಾಗುತ್ತವೆ, ಕೆಲವು ಪ್ಲಾಸ್ಟಿಕ್ಕನ್ನೂ ಕೆಡಿಸುತ್ತವೆ.

ಕೆಲಸ ಮುಗಿದ ಮೇಲೆ ಒಂದು ಹಳೆಯ ಪಂಚೆಯ ತುಂಡನ್ನು ಹೊದಿಸಿ. ಹಾಲಿನ ಕೈ, ಕಾಫಿಯ ಲೋಟ ಹತ್ತಿರ ಬೇಡ.

ಖರ್ಚಿನ ಮಾತು

ಇಂದು ಸಾದಾ ಕೀಲಿಮಣೆಗೆ ಐನೂರು ರೂಪಾಯಿಯ ಆಸುಪಾಸು, ಮೆಕ್ಯಾನಿಕಲ್ಲಿಗೆ ಎರಡು ಸಾವಿರದಿಂದ ಮೇಲಕ್ಕೆ ಬೆಲೆ ಇದೆ. ತಿಂಗಳಿಗೊಮ್ಮೆ ಒಂದು ಅರ್ಜಿ ಬರೆಯುವ ಮನೆಗೆ ಸಾದಾದ್ದೇ ಸಾಕು. ಸಾಲ ಮಾಡಿ ಕೊಳ್ಳುವ ವಸ್ತುವಲ್ಲ ಇದು. ದಿನವೂ ಹೆಸರು ಲೆಕ್ಕ ಬರೆಯುವ ಸಂಘಕ್ಕೆ ಮೆಕ್ಯಾನಿಕಲ್ ತಕ್ಕುದು. 2,400 ರೂಪಾಯಿಯದನ್ನು 120 ಸದಸ್ಯರ ಸಂಘ ಕೊಂಡರೆ ತಲೆಗೆ ಬೀಳುವುದು 20 ರೂಪಾಯಿ. ಒಬ್ಬ ಸದಸ್ಯರು ಹೆಸರು ತಿದ್ದಿಸಲು ತಾಲ್ಲೂಕಿಗೆ ಒಂದು ಸಲ ಹೋಗಿಬಂದರೆ ಬಸ್ಸಿನ ಹಣ, ಆ ದಿನದ ಕೂಲಿ ಎಷ್ಟಾದೀತೆಂದು ತಾವೇ ಲೆಕ್ಕ ಹಾಕಿ. ಬಣ್ಣಬಣ್ಣದ ದೀಪ ಉರಿಯುವ ಕೀಲಿಮಣೆಗೆ ಹೆಚ್ಚು ಹಣ ಕೊಡಬೇಡಿ. ದೀಪದಿಂದ ಜಾಗ ಸರಿಯಾಗಿ ಬೀಳುವುದಿಲ್ಲ.

ಕೊನೆಯದಾಗಿ, ಎಂಥ ಒಳ್ಳೆಯ ಕೀಲಿಮಣೆಯಾದರೂ ಬರೆದದ್ದನ್ನು ಓದಿ ನೋಡುವ ಕೆಲಸ ಮನುಷ್ಯನದೇ. ಅರ್ಜಿಗೆ ರುಜು ಹಾಕುವ ಮೊದಲು ತಮ್ಮ ಹೆಸರನ್ನು ಪರದೆಯ ಮೇಲೆ ತೋರಿಸುವಂತೆ ಕೇಳಿ. ಪದಗಳು ಅಂಟಿವೆಯೇ, ನಡುವೆ ಹೆಚ್ಚು ಜಾಗ ಬಿದ್ದಿದೆಯೇ ನೋಡಿ. ಓದಲು ಬಾರದವರು ಶಾಲೆಗೆ ಹೋಗುವ ಮಗುವನ್ನು ಜೊತೆಗೆ ಕರೆದೊಯ್ಯಿರಿ. ಹೀಗೆ ಕೇಳಲು ಸಂಕೋಚ ಬೇಡ.

ಮುಂದಿನ ಸಭೆಗೆ ತಮ್ಮ ಸಂಘದ ಕೀಲಿಮಣೆಯನ್ನು ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ. ನಾನು ಬ್ರಷ್ಷು, ಗ್ರೀಸು ತರುತ್ತೇನೆ. ಮಣ್ಣು ಪರೀಕ್ಷೆಯ ಮಾತು ಮುಗಿದ ಮೇಲೆ ಒಂದೊಂದನ್ನೂ ಒತ್ತಿ ನೋಡೋಣ.